ಷರಾ ಕಾಲಮ್ಮಿನಲ್ಲಿ ಒಂದು ಪದ

ನಮ್ಮ ಇಂಗ್ಲಿಷ್ ಮಿಸ್ ಅವರ ಎಡಗಣ್ಣಿನ ರೆಪ್ಪೆ ಸದಾ ಅರ್ಧ ಇಳಿದೇ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಂತೆ. ಮೊದಲ ಸಲ ನೋಡಿದವರು ಈಯಮ್ಮ ನಿದ್ದೆಗಣ್ಣಿನಲ್ಲೇ ಪಾಠ ಮಾಡುತ್ತಾರೆ ಅಂದುಕೊಳ್ಳುತ್ತಿದ್ದರು. ನಿಘಂಟಿನ ಸಣ್ಣ ಅಕ್ಷರ ಓದಬೇಕಾದಾಗ ಕನ್ನಡಕವನ್ನು ಹಣೆಗೇರಿಸಿ, ತೋರುಬೆರಳಿನಿಂದ ಆ ರೆಪ್ಪೆಯನ್ನು ಎತ್ತಿ ಹಿಡಿದುಕೊಂಡು ಪುಟದ ಮೇಲೆ ಬಗ್ಗುತ್ತಿದ್ದರು. ಬೆರಳಿನ ಸೀಮೆಸುಣ್ಣ ರೆಪ್ಪೆಗೆ ಮೆತ್ತಿಕೊಂಡು, ಮಧ್ಯಾಹ್ನದ ಹೊತ್ತಿಗೆ ಒಂದು ಕಣ್ಣಿಗೆ ಮಾತ್ರ ವಿಭೂತಿ ಬಳಿದುಕೊಂಡವರ ಹಾಗೆ ಕಾಣುತ್ತಿದ್ದರು. ನಾವು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದೆವು. ಅವರಿಗೆ ಅದು ಗೊತ್ತಿತ್ತು. ಒರೆಸಿಕೊಳ್ಳುತ್ತಿರಲಿಲ್ಲ.

ನಮ್ಮದು ಮೈಸೂರಿನ ಶ್ರೀರಾಂಪುರದ ಒಂದು ಚಿಕ್ಕ ಖಾಸಗಿ ಶಾಲೆ. ಮಿಸ್ ಅಗ್ರಹಾರದ ಹಳೆಯ ಮನೆತನದವರು, ತಾತ ಅರಮನೆಯಲ್ಲಿ ಗುಮಾಸ್ತರಾಗಿದ್ದರು ಎಂದು ಬೇರೆ ಟೀಚರುಗಳು ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ. ಪಾಠದ ನಡುವೆ ಯಾವುದಾದರೂ ಪದಕ್ಕೆ ಎಡವಿದಂತಾದರೆ ಸಾಕು, ಪಾಠ ಅಲ್ಲೇ ನಿಂತು ಆ ಪದದ ಕಥೆ ಶುರುವಾಗುತ್ತಿತ್ತು. ನಮ್ಮ ಅಮ್ಮಂದಿರು ರಾಗಿ ಹಿಟ್ಟು ನೈಸಾಗಿ ಬೀಸಿಸಿಕೊಂಡು ಬಾ ಅನ್ನುತ್ತಾರಲ್ಲ, ಆ ‘ನೈಸ್’ ಅನ್ನುವ ಮಾತಿಗೆ ಒಂದು ಕಾಲದಲ್ಲಿ ಏನೂ ತಿಳಿಯದ ಪೆದ್ದ ಎಂಬ ಅರ್ಥವಿತ್ತು ಎಂದು ಅವರು ಹೇಳಿದ ದಿನ ಇಡೀ ತರಗತಿ ಒಬ್ಬರನ್ನೊಬ್ಬರು ನೈಸ್ ನೈಸ್ ಎಂದು ಬೈದುಕೊಂಡಿತು. ‘ಸಿಲ್ಲಿ’ ಅಂದರೆ ಮೊದಲು ದೇವರ ಕೃಪೆಗೆ ಪಾತ್ರರಾದವರು ಎಂದರ್ಥವಂತೆ.

“ಮನೆಗೆ ಸೊಸೆ ತರೋವಾಗ ನಾಲ್ಕು ಕಡೆ ವಿಚಾರಿಸ್ತೀರಿ ತಾನೆ? ಪದ ತರೋವಾಗಲೂ ವಿಚಾರಿಸಬೇಕು ಕಣ್ರೋ. ಎಲ್ಲಿಂದ ಬಂತು, ಯಾರ್ಯಾರ ಮನೇಲಿ ಏನೇನು ಮಾಡ್ತಾ ಇತ್ತು ಅಂತ,” ಎನ್ನುತ್ತಿದ್ದರು.

ಆ ಕಥೆಗಳನ್ನು ಬರೆದಿಟ್ಟುಕೊಳ್ಳುತ್ತಿದ್ದವಳು ಒಬ್ಬಳೇ, ನಮ್ಮಕ್ಕ. ನನಗಿಂತ ಎರಡು ವರ್ಷ ದೊಡ್ಡವಳು. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಪದ, ಅದರ ಹಳೆಯ ಅರ್ಥ, ಹೊಸ ಅರ್ಥ ಎಂದು ಮೂರು ಗೆರೆ ಎಳೆದು ಬರೆಯುತ್ತಿದ್ದಳು. ಒಮ್ಮೆ ಮಿಸ್ ವರಾಂಡದಲ್ಲಿ ನನ್ನನ್ನು ನಿಲ್ಲಿಸಿ, “ನಿಮ್ಮಕ್ಕ ಕೇಳೋ ಪ್ರಶ್ನೆಗೆ ನಾನು ಮನೆಗೆ ಹೋಗಿ ಓದಿಕೊಂಡು ಬರಬೇಕಾಗುತ್ತೆ, ಗೊತ್ತಾ?” ಅಂದಿದ್ದರು. ಅದನ್ನು ಅಕ್ಕನಿಗೆ ಹೇಳಿದಾಗ ಅವಳು ಎರಡು ದಿನ ನನ್ನ ಜಡೆಯನ್ನು ತಾನೇ ಹಾಕಿದಳು.

ಅಪ್ಪ ಮನೆಗಳಿಗೆ ಬಣ್ಣ ಹೊಡೆಸುವ ಗುತ್ತಿಗೆ ಹಿಡಿಯುತ್ತಿದ್ದರು. ಮಂಡಕಳ್ಳಿಯ ಕಡೆಯ ಬೇಸಾಯದ ಮನೆಯವರು. ಏಳನೇ ತರಗತಿಗೆ ಶಾಲೆ ಬಿಟ್ಟು, ಮೈಸೂರಿಗೆ ಬಂದು ಬ್ರಶ್ಶು ಹಿಡಿದವರು. ಇಬ್ಬರು ಹೆಣ್ಣುಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವುದು ಅವರಿಗೆ ಹೆಮ್ಮೆಯ ಸಂಗತಿಯಾಗಿತ್ತು. ಬೆಳಿಗ್ಗೆ ನಮ್ಮ ಶೂಗೆ ಪಾಲಿಶ್ ಹಾಕುತ್ತಿದ್ದವರು ಅವರೇ.

ಅಕ್ಕ ಏಳನೇ ತರಗತಿಯಲ್ಲಿದ್ದ ಆ ವರ್ಷ, ನಾಗರಪಂಚಮಿ ಕಳೆದ ಮೇಲೆ ಅವಳು ಬದಲಾಗತೊಡಗಿದಳು. ಶಾಲೆಯಿಂದ ಬಂದವಳು ಚೀಲ ಇಳಿಸದೆ ಗೋಡೆಗೊರಗಿ ಕೂತುಬಿಡುತ್ತಿದ್ದಳು. ಲಂಗದ ಹುಕ್ಕನ್ನು ಅಮ್ಮ ಒಳಗೆ ಸರಿಸಿ ಹೊಲಿದರು, ತಿಂಗಳಾಗುವುದರೊಳಗೆ ಇನ್ನೊಮ್ಮೆ ಸರಿಸಬೇಕಾಯಿತು. “ಎತ್ತರ ಆಯ್ತಾವ್ಳೆ, ಅದಕ್ಕೇ ಸಣ್ಣ ಆಗಿರೋದು,” ಅಂದರು. ಅಕ್ಕ ನೀರು ಕುಡಿಯುತ್ತಿದ್ದಳು, ಬಚ್ಚಲಿಗೆ ಹೋಗುತ್ತಿದ್ದಳು, ಬಂದು ಮತ್ತೆ ನೀರು ಕುಡಿಯುತ್ತಿದ್ದಳು. ತರಗತಿಯಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆ ಎಂದು ಅವಳ ಸ್ನೇಹಿತೆಯರು ನನ್ನ ಬಳಿ ಹೇಳಿದರು. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಹೊಸ ಪದ ಸೇರುವುದು ನಿಂತುಹೋಗಿತ್ತು.

ದಸರಾ ರಜೆಗೆ ಮುಂಚೆ ಪ್ರಗತಿ ಪತ್ರ ಬಂತು. ಅಂಕಗಳು ಬಿದ್ದುಹೋಗಿದ್ದವು. ಕೆಳಗಿನ ಷರಾ ಕಾಲಮ್ಮಿನಲ್ಲಿ, ತರಗತಿಯ ಟೀಚರಾಗಿ ಮಿಸ್ ಅವರು ತಮ್ಮ ದುಂಡನೆಯ ಅಕ್ಷರದಲ್ಲಿ ಒಂದೇ ಒಂದು ಪದ ಬರೆದಿದ್ದರು. ರುಜು ಹಾಕಲು ಕೂತ ಅಪ್ಪ ಅದರ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದರು.

“ಡಿ, ಯು, ಎಲ್ಲು, ಎಲ್ಲು. ಡಲ್ಲು.”

ಅಡುಗೆಮನೆಯಿಂದ ಅಮ್ಮ ಬಂದು ನಿಂತರು. ಅಪ್ಪ ಕೂಗಾಡಲಿಲ್ಲ. ಅವರ ದನಿ ಎಂದಿಗಿಂತ ತಗ್ಗಿತ್ತು.

“ನಮ್ ಮೇಷ್ಟ್ರು ನನ್ನೂ ಇದೇ ಮಾತು ಅಂದು ಕೊನೇ ಸಾಲಿಗೆ ಹಾಕಿದ್ರು. ‘ಇವನು ಡಲ್ಲು, ಇವನಿಗೆ ಹೇಳಿ ಪ್ರಯೋಜನ ಇಲ್ಲ’ ಅಂತ. ಅದಕ್ಕೇ ನಾನು ಸ್ಕೂಲು ಬುಟ್ಬುಟ್ಟು ಬಂದಿದ್ದು. ಈಗ ನೀನೂ ಅದನ್ನೇ ಬರೆಸ್ಕಂಡು ಬಂದಿದೀಯ?”

“ನಂಗೆ ಆಗ್ತಿಲ್ಲ ಅಪ್ಪ. ಸುಸ್ತು,” ಅಂದಳು ಅಕ್ಕ.

“ಆಟಕ್ಕೆ ಇಲ್ದಿರೋ ಸುಸ್ತು ಓದಕ್ಕೆ ಎಂಗೆ ಬಂತು?”

ಅಕ್ಕ ಆಟ ಬಿಟ್ಟೂ ತಿಂಗಳಾಗಿತ್ತು. ಅದನ್ನು ಅಪ್ಪ ನೋಡಿರಲಿಲ್ಲ; ನೋಡಿದ್ದ ನಾನು ಹೇಳಲಿಲ್ಲ.

ಮಾರನೆಯ ದಿನದಿಂದ ಬೆಳಿಗ್ಗೆ ಐದಕ್ಕೆ ಅಕ್ಕನನ್ನು ಎಬ್ಬಿಸಿ ಕೂರಿಸುವುದು ಶುರುವಾಯಿತು. ಕೆಲಸಕ್ಕೆ ಹೊರಡುವವರೆಗೂ ಅಪ್ಪ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವಳು ಹತ್ತು ನಿಮಿಷಕ್ಕೊಮ್ಮೆ ಏಳುತ್ತಿದ್ದಳು. ನಾಲ್ಕನೇ ದಿನ ಅಪ್ಪ ಅವಳ ಪಕ್ಕದ ನೀರಿನ ಬಾಟಲಿ ತೆಗೆದು ಅಟ್ಟದ ಮೇಲಿಟ್ಟರು. “ನೀರು ಒಂದು ನೆಪ, ಬಚ್ಚಲು ಒಂದು ನೆಪ. ಪಾಠ ಮುಗಿಯೋ ಗಂಟ ಏಳಂಗಿಲ್ಲ,” ಅಂದರು. ಅವರು ಕೆಟ್ಟವರಾಗಿರಲಿಲ್ಲ. ಕೊನೆಯ ಸಾಲಿನಿಂದ ಮಗಳನ್ನು ಎಳೆದು ತರುತ್ತಿದ್ದೇನೆ ಎಂದು ನಂಬಿದ್ದರು.

ನಾನು ಮಾಡಿದ್ದನ್ನೂ ಇಲ್ಲಿ ಬರೆಯಬೇಕು. ಒಂದು ಬೆಳಿಗ್ಗೆ ಬಚ್ಚಲಮನೆಯ ಬಾಗಿಲ ಸಂದಿಯಿಂದ ನೋಡಿದೆ. ಅಕ್ಕ ನಲ್ಲಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದಳು. ಓಡಿ ಹೋಗಿ, “ಅಪ್ಪಾ, ಅಕ್ಕ ಬಚ್ಚಲಲ್ಲಿ ನೀರು ಕುಡೀತಾವ್ಳೆ,” ಅಂದೆ. ಅಪ್ಪ ಅವತ್ತಿನಿಂದ ಬಚ್ಚಲಿನ ಬಾಗಿಲಿಗೂ ಕಾವಲು ನಿಂತರು. ನನಗೆ ಆಗ ಹತ್ತು ವರ್ಷ.

ಆಯುಧಪೂಜೆಯ ಹಿಂದಿನ ದಿನ ಅಕ್ಕನಿಗೆ ವಾಂತಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಬಾಯಿಂದ ಕಳಿತ ಹಣ್ಣಿನ ವಾಸನೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಅಪ್ಪ ಅಮ್ಮ ಅವಳನ್ನು ಎತ್ತಿಕೊಂಡು ಒಳಗೆ ಹೋದರು, ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಎಷ್ಟೋ ಹೊತ್ತಿನ ಮೇಲೆ ಅಮ್ಮ ಬಂದು, “ಸಕ್ಕರೆ ಕಾಯಿಲೆಯಂತೆ ಕಣಮ್ಮ. ಇಷ್ಟು ಚಿಕ್ಕ ಮಕ್ಕಳಿಗೂ ಬರ್ತದಂತೆ,” ಎಂದು ನನ್ನನ್ನೇ ಕೇಳುವವರ ಹಾಗೆ ಹೇಳಿದರು. ಅಕ್ಕ ಕಣ್ಣು ಬಿಡಲಿಲ್ಲ. ವಿಜಯದಶಮಿಯ ಮಧ್ಯಾಹ್ನ ತೀರಿಕೊಂಡಳು. ಅವಳನ್ನು ಮನೆಗೆ ತರುವಾಗ ಊರೆಲ್ಲ ಜಂಬೂಸವಾರಿಗೆ ಹೊರಟಿತ್ತು. ನಮ್ಮ ಗಾಡಿ ಜನರ ಎದುರು ಮುಖವಾಗಿ ಬಂತು.

ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದೆವು. ಅದರ ಮಾರನೇ ಬೆಳಿಗ್ಗೆ ಮಿಸ್ ಬಂದರು. ಮನೆ ತುಂಬ ನೆಂಟರಿದ್ದರು. ಮಿಸ್ ಹೊಸ್ತಿಲ ಒಳಗೆ ನಿಂತೇ ಇದ್ದರು, ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಅಪ್ಪ ಎದ್ದು ಹೋಗಿ ಬೀರುವಿನಿಂದ ಪ್ರಗತಿ ಪತ್ರ ತಂದು ಅವರ ಕೈಗೆ ಕೊಟ್ಟರು.

“ಇದು ಬರ್ದೋರು ನೀವೇ ತಾನೇ?”

“ಹೌದು. ನಾನೇ.”

“ಏನಂತ ಬರ್ದಿದೀರಿ, ಎಲ್ರಿಗೂ ಕೇಳಂಗೆ ಓದಿ.”

ಮಿಸ್ ಓದಿದರು.

“ಅಂಗಂದ್ರೆ ಏನು?” ಅಪ್ಪನ ದನಿ ಏರಿತು. “ಇದೊಂದು ಮಾತು ನೀವು ಬರೀದೆ ಹೋಗಿದ್ರೆ ನಾನು ನನ್ ಮಗೀನ ಅಂಗೆ ಕಟ್ಟಾಕಿ ಕೂರಿಸ್ತಿರ್ಲಿಲ್ಲ. ನೀರು ಕುಡಿಯಕ್ಕೂ ಏಳ್ಬೇಡ ಅಂದೆ ಕಣ್ರೀ. ನೀರು ಕುಡಿಯಕ್ಕೆ. ಹೇಳಿ, ಏನು ಇದರ ಅರ್ಥ?”

ಮಿಸ್ ಅಪ್ಪನ ಮುಖ ನೋಡಿದರು. ಆಮೇಲೆ ಅಮ್ಮನನ್ನು, ಅಮ್ಮನ ಸೆರಗು ಹಿಡಿದಿದ್ದ ನನ್ನನ್ನು ನೋಡಿದರು. ಏನೋ ಹೇಳಲು ತೆರೆದ ಬಾಯಿ ಹಾಗೇ ಮುಚ್ಚಿತು. “ನಿಮಗೆ ಏನು ಅರ್ಥ ಆಯಿತೋ ಅದೇ,” ಅಂದರು. “ತಪ್ಪು ಬರೆದೆ. ಅವಳು ದಡ್ಡಿ ಅಲ್ಲ. ಅಂಥ ಹುಡುಗಿಗೆ ನಾನು ಹಾಗೆ ಬರೆಯಬಾರದಿತ್ತು.”

ಯಾರೋ ಒಬ್ಬರು ಚಿಕ್ಕಮ್ಮ, “ಓದಿದೋರು ಅಂತೆ, ಕೈ ಎಂಗೆ ಬಂತೋ,” ಅಂದರು. ಮಿಸ್ ಪತ್ರವನ್ನು ಎರಡೂ ಕೈಯಲ್ಲಿ ಅಪ್ಪನಿಗೆ ಹಿಂದಿರುಗಿಸಿ ಹೊರಟುಹೋದರು.

ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ಬಣ್ಣದ ಕೆಲಸದವರನ್ನೂ ನೆಂಟರನ್ನೂ ಕರೆದುಕೊಂಡು ಶಾಲೆಯ ಗೇಟಿನ ಮುಂದೆ ಎರಡು ದಿನ ಕೂತರು. ಮಗುವನ್ನು ದಡ್ಡಿ ಎಂದು ಬರೆದು ಕೊಂದ ಟೀಚರು ಎಂಬ ಮಾತು ಬಡಾವಣೆಯಲ್ಲೆಲ್ಲ ಹಬ್ಬಿತು. ಆಡಳಿತದವರು ಮಿಸ್ ಅವರಿಂದ ರಾಜೀನಾಮೆ ಬರೆಸಿಕೊಂಡರು. ಆಮೇಲೆ ಯಾವ ಶಾಲೆಯೂ ಅವರನ್ನು ತೆಗೆದುಕೊಳ್ಳಲಿಲ್ಲ ಎಂದು ಕೇಳಿದೆ. ನನ್ನನ್ನು ಬೇರೆ ಶಾಲೆಗೆ ಹಾಕಿದರು. ನಮ್ಮ ಮನೆಯಲ್ಲಿ ಅಕ್ಕನ ಮಾತು ಬಂದಾಗಲೆಲ್ಲ ಅದು ಅವಳ ಬಳಿ ನಿಲ್ಲದೆ ‘ಆ ಮಿಸ್ಸು’ ಎಂಬಲ್ಲಿಗೆ ಹೋಗಿ ಮುಟ್ಟುತ್ತಿತ್ತು. ಅವರನ್ನು ಬೈದ ದಿನ ಅಪ್ಪ ಎರಡು ತುತ್ತು ಹೆಚ್ಚು ಊಟ ಮಾಡುತ್ತಿದ್ದರು. ನಾನೂ ಬೈಯುತ್ತಾ ಬೆಳೆದೆ. ನಲ್ಲಿ ನೀರಿನ ವಿಷಯ ನನ್ನೊಳಗೇ ಇತ್ತು. ಬೈಯುವಾಗ ಅದು ಸ್ವಲ್ಪ ಹಗುರಾದಂತೆ ಅನ್ನಿಸುತ್ತಿತ್ತು.

ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿದೆ. ಯಾಕೆ ಅದನ್ನೇ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಬಂದವರ ಸಾಲಿನಲ್ಲಿ ಬಿಳಿಗೂದಲಿನ ಹೆಂಗಸೊಬ್ಬರು ಬಂದು ಕೂತು ತೋಳು ಚಾಚಿದರು. ಪಟ್ಟಿ ಬಿಗಿದು, ಸೂಜಿ ಹಿಡಿದು ತಲೆಯೆತ್ತಿದರೆ ಆ ರೆಪ್ಪೆ. ಸೂಜಿಯನ್ನು ಮತ್ತೆ ತಟ್ಟೆಯಲ್ಲಿಟ್ಟೆ. ಅವರು ನನ್ನ ಎದೆಯ ಮೇಲಿದ್ದ ಹೆಸರಿನ ಪಟ್ಟಿ ಓದಿದರು.

“ಚಿಕ್ಕವಳು ಅಲ್ವಾ ನೀನು?” ಅಂದರು. ನಾನು ತಲೆಯಾಡಿಸಿದೆ. “ಬೇಕಿದ್ದರೆ ಒಂದು ನಿಮಿಷ ಬಿಟ್ಟು ಚುಚ್ಚು. ನನಗೇನೂ ಅವಸರ ಇಲ್ಲ.”

ರಸೀತಿಯಲ್ಲಿ ದಟ್ಟಗಳ್ಳಿಯ ವಿಳಾಸವಿತ್ತು. ಆ ಭಾನುವಾರವೇ ಹೋದೆ. ಹದಿಮೂರು ವರ್ಷ ಮನೆಯಲ್ಲಿ ಕೇಳಿದ್ದ ಬೈಗುಳವನ್ನೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಮಹಡಿ ಮನೆಯೊಂದರ ಕೆಳಗೆ ಒಂದು ಕೋಣೆ, ಒಂದು ಅಡುಗೆಮನೆ. ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿಕೊಂಡು ಬದುಕುತ್ತಿದ್ದರು. ಮೇಜಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ನಿಘಂಟುಗಳು. ಕಾಫಿ ಕೊಟ್ಟು ಎದುರಿಗೆ ಕೂತರು.

“ಕೇಳು. ಕೇಳೋದಕ್ಕೇ ಬಂದಿದೀಯ.”

“ಯಾಕೆ ಹಾಗೆ ಬರೆದ್ರಿ ಮಿಸ್? ಅವಳು ನಿಮ್ಮ ಪಾಠಕ್ಕೆ ಎಷ್ಟು…”

ಅವರು ಮೇಜಿನ ಖಾನೆಯಿಂದ ಉದ್ದನೆಯ ನೋಟ್‌ಬುಕ್ ತೆಗೆದರು. ಪುಟಪುಟವೂ ಅದೇ ಒಂದು ಪದ. ಬೇರೆ ಬೇರೆ ನಿಘಂಟುಗಳಿಂದ ಇಳಿಸಿಕೊಂಡ ಅರ್ಥಗಳು, ಅಡಿಗೆರೆಗಳು, ಹೊಡೆದುಹಾಕಿದ ಸಾಲುಗಳು.

“ಇದರ ಹುಟ್ಟು ಅರ್ಥ ಬುದ್ಧಿ ಇಲ್ಲದ್ದು ಅಂತಲೇ. ಹಳೇ ಇಂಗ್ಲಿಷಿನಲ್ಲಿ ಪೆದ್ದನಿಗೆ ಹೇಳ್ತಿದ್ದ ಮಾತು. ಆಮೇಲೆ ಮೊಂಡಾದ ಚಾಕುವಿಗೆ ಹೇಳಿದರು. ಹೊಳಪಿಲ್ಲದ ಬಣ್ಣಕ್ಕೆ, ಮೋಡ ಮುಚ್ಚಿದ ಆಕಾಶಕ್ಕೆ, ಒಂದೇ ಸಮನೆ ಒಳಗೊಳಗೇ ಇರೋ ನೋವಿಗೆ. ಜರ್ಮನ್ ಭಾಷೇಲಿ ಇದರ ಒಡಹುಟ್ಟಿದ ಪದಕ್ಕೆ ಮೊದಲು ಹುಚ್ಚು ಅಂತ ಅರ್ಥ ಇತ್ತಂತೆ. ಈಗ ಅವರು ‘ಬಹಳ ಚೆನ್ನಾಗಿದೆ’ ಅನ್ನೋದಕ್ಕೆ ಅದನ್ನೇ ಹೇಳ್ತಾರಂತೆ.” ಪುಟ ಮಗುಚಿದರು. “ನಮ್ಮ ಮೈಸೂರಲ್ಲಿ ಏನರ್ಥ ಹೇಳು. ತರಕಾರಿ ಗಾಡಿಯವಳೂ ‘ಯಾಕಮ್ಮ, ಇವತ್ತು ಡಲ್ಲಾಗಿದೀರಲ್ಲ’ ಅಂತ ಕೇಳ್ತಾಳೆ. ಸಪ್ಪಗಿದ್ದೀರಿ, ಹುಷಾರಿಲ್ವಾ ಅಂತ.”

ನನಗೆ ಅರ್ಥವಾಗತೊಡಗಿತು. ಅರ್ಥವಾಗದೆ ಇದ್ದಿದ್ದರೆ ಚೆನ್ನಾಗಿತ್ತು.

“ಮಗು ಯಾಕೋ ಸೊರಗಿದೆ, ಮನೇಲಿ ನೋಡಿಕೊಳ್ಳಲಿ ಅಂತ ಬರೆದೆ. ಅಂದರೆ, ಹಾಗೆ ಬರೆದೆ ಅಂತ ನಾನು ತಿಳಿದುಕೊಂಡಿದೀನಿ. ಅವತ್ತು ಸಂಜೆಯೊಳಗೆ ಇಡೀ ತರಗತಿಯ ಕಾರ್ಡು ಮುಗಿಸಬೇಕಿತ್ತು. ಗುಡ್, ಫೇರ್, ಗುಡ್, ಡಲ್. ಆ ಕ್ಷಣ ಮನಸ್ಸಿನಲ್ಲಿ ನಿಜವಾಗಿ ಏನಿತ್ತು? ಅವಳ ಅಂಕ ನೋಡಿ ನನಗೂ ಬೇಸರ ಆಗಿತ್ತಲ್ಲ. ಇಷ್ಟು ವರ್ಷ ಹುಡುಕಿದೀನಿ. ಇದರಲ್ಲೆಲ್ಲೂ ಸಿಕ್ಕಿಲ್ಲ.” ನೋಟ್‌ಬುಕ್ ಮುಚ್ಚಿದರು. “ನಿಮ್ಮಪ್ಪ ಅದನ್ನ ಓದಿದ್ದು ಸ್ಕೂಲಿನ ಅರ್ಥದಲ್ಲಿ. ಸ್ಕೂಲಿನ ಕಾರ್ಡು, ಸ್ಕೂಲಿನ ಅರ್ಥ. ಅವರದೇನು ತಪ್ಪು? ಕರೆದು ಕೂರಿಸಿಕೊಂಡು ‘ಏನಾಗ್ತಿದೆ ಮಗೂ’ ಅಂತ ನಾನು ಕೇಳಬಹುದಿತ್ತು. ಕೇಳಲಿಲ್ಲ. ಬರೆದೆ.”

“ಅವತ್ತು ಮನೆಗೆ ಬಂದಾಗ ಇದನ್ನ ಹೇಳಬಹುದಿತ್ತಲ್ಲ ಮಿಸ್. ನಿಮ್ಮ ಕೆಲಸ ಉಳೀತಿತ್ತು.”

“ಹೇಳೋಕೇ ಬಂದಿದ್ದೆ. ಅಷ್ಟರಲ್ಲಿ ನಿಮ್ಮಪ್ಪ ನೀರಿನ ವಿಷಯ ಹೇಳಿದರು.” ಅವರು ನನ್ನನ್ನೇ ನೋಡುತ್ತಿದ್ದರು. “ನಾನು ಮಗುವಿಗೆ ಹುಷಾರಿಲ್ಲ ಅಂತ ಬರೆದಿದ್ದೆ, ನೀವು ಅದನ್ನ ಓದಿ ಮಗುವಿನ ನೀರು ಕಿತ್ತುಕೊಂಡಿರಿ ಅಂತ ಹೇಳಬೇಕಾಗಿತ್ತು. ಆಮೇಲೆ ಆ ಮನುಷ್ಯ ಎಷ್ಟು ದಿನ ಬದುಕ್ತಿದ್ದರು? ಅವರ ಹಿಂದೆ ನೀನು ನಿಂತಿದ್ದೆ, ಇಷ್ಟುದ್ದ. ನಿನ್ನನ್ನ ಯಾರು ಸಾಕಬೇಕಾಗಿತ್ತು?”

ನಾನು ಅತ್ತೆ. ಯಾರಿಗೂ ಹೇಳದ ನಲ್ಲಿ ನೀರಿನ ಕಥೆ ಹೇಳಿದೆ. ಮಿಸ್ ಸಮಾಧಾನ ಮಾಡಲಿಲ್ಲ. ಎದ್ದು ಬಂದು ನನ್ನ ಪಕ್ಕ ಕೂತರು ಅಷ್ಟೆ. ಹೊರಡುವಾಗ, “ಇದು ನಿಮ್ಮ ಮನೆಗೆ ಹೋಗಬಾರದು. ಮಾತು ಕೊಡು,” ಎಂದು ಕೈ ಚಾಚಿದರು. ಕೊಟ್ಟೆ.

ಆಮೇಲೆ ತಿಂಗಳಿಗೆರಡು ಭಾನುವಾರವಾದರೂ ಹೋಗುತ್ತಿದ್ದೆ. ಮನೆಯಲ್ಲಿ ಸ್ನೇಹಿತೆಯ ಮನೆ ಎನ್ನುತ್ತಿದ್ದೆ. ಮಿಸ್ ಅವರಿಗೂ ಸಕ್ಕರೆ ಕಾಯಿಲೆಯಿತ್ತು, ರಕ್ತ ತೆಗೆಯುವುದು ನಾನೇ. ಅವರು ನನಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದನ್ನು ಕಲಿಸಿದರು, ವರದಿ ಬರೆಯುವುದನ್ನು ಕಲಿಸಿದರು. ನಾನು ಇವತ್ತು ಲ್ಯಾಬಿನ ಮುಖ್ಯಸ್ಥೆಯಾಗಿರುವುದು ಆ ಕೋಣೆಯಲ್ಲಿ ಕಲಿತ ಪಾಠದಿಂದ. ಸಂಜೆ ಮನೆಗೆ ಬಂದರೆ ಅಪ್ಪ ಅವರನ್ನು ಬೈಯುತ್ತಿರುತ್ತಿದ್ದರು. ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದೆ.

ಮೂರು ವರ್ಷದ ಹಿಂದೆ ಅಪ್ಪನ ಶ್ವಾಸಕೋಶ ಕೆಟ್ಟಿತು. ಬಣ್ಣ, ಥಿನ್ನರು, ಉಜ್ಜಿದ ಗೋಡೆಯ ಧೂಳು, ನಲವತ್ತು ವರ್ಷ ಕುಡಿದ ಗಾಳಿ ಅದು. ಕೊನೆಯ ವಾರಗಳಲ್ಲಿ ಒಂದು ಮಧ್ಯಾಹ್ನ, ಅಮ್ಮ ಔಷಧಿಗೆಂದು ಹೊರಗೆ ಹೋಗಿದ್ದಾಗ, ದಿಂಬಿಗೊರಗಿ ಕೂತಿದ್ದವರು ನನ್ನನ್ನು ಹತ್ತಿರ ಕರೆದರು.

“ಆಯಮ್ಮ ಬೈದು ಬರ್ದಿದ್ದಲ್ಲ ಕಣಮ್ಮ.”

ನಾನು ಹಾಸಿಗೆಯ ಅಂಚಿನಲ್ಲಿ ಕೂತೆ.

“ಅವತ್ತು ಆಸ್ಪತ್ರೇಲಿ ಡಾಕ್ಟ್ರು ಮೊದಲು ಕೇಳಿದ್ದೇ ಅದು. ‘ಮಗು ಎಷ್ಟು ದಿವಸದಿಂದ ಈ ಥರ ಡಲ್ಲಾಗಿದೆ’ ಅಂದ್ರು. ಕಾರ್ಡಲ್ಲಿ ಏನು ಬರ್ದಿತ್ತು ಅಂತ ಆಗ್ಲೇ ಗೊತ್ತಾಯ್ತು ನಂಗೆ.” ಉಸಿರು ಸಿಗದೆ ನಿಲ್ಲಿಸಿದರು. “ಗೊತ್ತಿದ್ದೂ ಆಯಮ್ಮನ್ನ ಬೀದಿಗೆ ಎಳ್ದೆ. ನನ್ ಮ್ಯಾಲೆ ಹಾಕ್ಕೊಳ್ಳಕ್ಕೆ ಆಗ್ಲಿಲ್ಲ. ಅವತ್ತು ಮನೇಗ್ ಬಂದಾಗ ಆಯಮ್ಮ ಒಂದೇ ಒಂದ್ ಮಾತು ತಿರುಗಿಸಿ ಹೇಳಿದ್ರೆ ನಾನು ಅಲ್ಲೇ ಮುಗ್ದೋಯ್ತಿದ್ದೆ. ಹೇಳ್ಲಿಲ್ಲ. ಯಾಕೆ ಹೇಳ್ಲಿಲ್ವೋ.”

ಹತ್ತು ದಿನದ ಮೇಲೆ ಅಪ್ಪ ಹೋದರು.

ಕರ್ಮಗಳೆಲ್ಲ ಮುಗಿದ ಮೇಲೆ ದಟ್ಟಗಳ್ಳಿಗೆ ಹೋದೆ. ಅಷ್ಟು ಹೊತ್ತಿಗೆ ಮಿಸ್ ಅವರ ಮೂತ್ರಪಿಂಡಗಳು ಸೋಲತೊಡಗಿದ್ದವು. ಕಾಲು ಊದಿಕೊಂಡು ಮಂಚ ಬಿಟ್ಟು ಏಳುತ್ತಿರಲಿಲ್ಲ. ದಾರಿಯಲ್ಲಿ ಹೇಳಿಬಿಡಬೇಕೆಂದೇ ಇದ್ದೆ. ಅಪ್ಪನಿಗೆ ಎಲ್ಲ ಗೊತ್ತಿತ್ತು ಮಿಸ್. ನಿಮ್ಮ ಹೆಸರು, ನಿಮ್ಮ ಕೆಲಸ ಎಲ್ಲ ಕೊಟ್ಟು ಯಾವುದನ್ನು ಮುಚ್ಚಿಟ್ಟಿರೋ, ಅದು ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ನಿಮ್ಮ ಮೇಲೆ ತಪ್ಪಿಲ್ಲ ಅಂತ ಒಪ್ಪಿಕೊಂಡೇ ಹೋದರು. ಇಷ್ಟನ್ನಾದರೂ ಅವರಿಗೆ ಸಲ್ಲಿಸಬೇಡವೇ ಅನ್ನಿಸಿತ್ತು.

ಒಳಗೆ ಹೋಗಿ ಕೂತೆ. ಮಿಸ್ ನನ್ನ ಮುಖವನ್ನೇ ನೋಡುತ್ತಾ, “ಕೊನೆಗೆ ನಿಮ್ಮಪ್ಪ ಏನಾದರೂ ಅಂದರಾ?” ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಆಸೆಯಿರಲಿಲ್ಲ. ಭಯವಿತ್ತು. ಮಂಚದ ಚೌಕಟ್ಟನ್ನು ಹಿಡಿದುಕೊಂಡಿದ್ದರು.

“ಇಲ್ಲ ಮಿಸ್,” ಅಂದೆ. “ನಿಮ್ಮನ್ನ ಬೈಕೊಂಡೇ ಹೋದರು.”

“ಕೊನೇವರೆಗೂ?”

“ಕೊನೇವರೆಗೂ.”

ಚೌಕಟ್ಟು ಹಿಡಿದಿದ್ದ ಕೈ ಸಡಿಲವಾಯಿತು. “ಸದ್ಯ,” ಅಂದರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, “ಪಾಪ, ಗೊತ್ತಾಗಲಿಲ್ಲ ಬಿಡು,” ಅಂದರು. ಅವತ್ತು ಅವರು ಒಂದು ಲೋಟ ಗಂಜಿ ಪೂರ್ತಿ ಕುಡಿದರು, ಗೋಡೆಯ ಕಡೆ ತಿರುಗಿ ಮಲಗಿ ನಿದ್ದೆ ಹೋದರು.

ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಬೆಂಗಳೂರಿನಿಂದ ಅವರ ಅಣ್ಣನ ಮಗ ಬಂದು ಎಲ್ಲ ಮಾಡಿದರು. ನಾನು ಯಾರು ಎಂದು ಕೇಳಿದ್ದಕ್ಕೆ, ಹಳೆಯ ವಿದ್ಯಾರ್ಥಿನಿ ಅಂದೆ. ಅವರ ಜೀವನದಲ್ಲಿ ನಮ್ಮ ಮನೆ ಏನು ಮಾಡಿತ್ತು ಎಂಬುದು ಅಲ್ಲಿದ್ದ ಏಳೆಂಟು ಜನರಲ್ಲಿ ಯಾರಿಗೂ ತಿಳಿದಿರಲಿಲ್ಲ. ಹೇಳುವ ಧೈರ್ಯ ನನಗೂ ಆಗಲಿಲ್ಲ. ಅಂದು ಹೇಳಿದ ಸುಳ್ಳು ಸರಿಯೋ ತಪ್ಪೋ ಇವತ್ತಿಗೂ ನನಗೆ ತಿಳಿಯದು. ನಮಗಾಗಿ ಎಲ್ಲವನ್ನೂ ಕಳೆದುಕೊಂಡ ಹೆಂಗಸಿಗೆ ನಮ್ಮ ಮನೆಯಿಂದ ಹೋದದ್ದು ಅದೊಂದೇ.